ಇಸ್ತ್ರಿಯಮ್ಮ ದೀಪ ಇಳಿಸಿದ್ದು

ಆ ಬೆಳಕು ಕಂಡರೆ ಇಸ್ತ್ರಿಯಮ್ಮನಿಗೆ ಮೊದಲಿನಿಂದಲೂ ಹೇಸಿಗೆ. ಕೆಂಪೂ ಅಲ್ಲ, ನೀಲಿಯೂ ಅಲ್ಲ. ಏಟು ಬಿದ್ದ ಜಾಗ ಮಾರನೇ ದಿನ ಬಣ್ಣ ತಿರುಗುತ್ತದಲ್ಲ, ಅಂಥದ್ದು. ಅದರ ಕೆಳಗೆ ನಿಂತರೆ ಬದುಕಿದ್ದವರ ಮುಖವೂ ಹೆಣದ ಮುಖವೇ. ಊಟದ ತಟ್ಟೆ ಹಿಡಿದು ಒಳಕೋಣೆಗೆ ಹೋದರೆ, ಈಗ ತಾನೇ ಮಾಡಿದ ಅಡುಗೆ ಹಳಸಿದ ಹಾಗೆ ಕಾಣುತ್ತಿತ್ತು. ಅವಳ ಗಂಡ ಮಾತ್ರ ಅಲ್ಲೇ ಕುರ್ಚಿ ಹಾಕಿಕೊಂಡು ಕೂತು ಚಪ್ಪರಿಸಿಕೊಂಡು ತಿನ್ನುತ್ತಿದ್ದ.

"ರೀ, ಹೊರಗೆ ಬಂದು ಉಣ್ಣಬಾರದಾ? ನೋಡಿದರೆ ನನಗೆ ಹೊಟ್ಟೆ ತೊಳೆಸುತ್ತೆ."

"ನೋಡಬೇಡ. ಕಣ್ಣು ಮುಚ್ಚಿಕೊಂಡು ಬಡಿಸು."

ಲಾಂಡ್ರಿಗೆ ಬಂದಾಗ ಅವಳಿಗೆ ಹದಿನಾರು. ಬಂದ ವಾರದಲ್ಲೇ ಎಲ್ಲರಿಗೂ ಇಸ್ತ್ರಿಯಮ್ಮ ಆದಳು. ಅಮ್ಮ ಅನ್ನಿಸಿಕೊಂಡದ್ದು ಅಷ್ಟೇ, ಆಮೇಲೆ ಮಕ್ಕಳಾಗಲಿಲ್ಲ. ಇಸ್ತ್ರಿಪೆಟ್ಟಿಗೆಯ ಬಿಸಿ ನೋಡುವುದಕ್ಕೆ ಅವಳು ಯಾವತ್ತೂ ಅದರ ಮೇಲಿನ ಗುಂಡಿ ನೋಡಿದವಳಲ್ಲ. ಅಂಗೈ ಹಿಂಬದಿಯನ್ನು ಹತ್ತಿರ ತಂದರೆ ಸಾಕು, ಇದು ರೇಷ್ಮೆಗೆ, ಇದು ಹತ್ತಿಗೆ, ಇದು ಸುಡುತ್ತೆ ಅಂತ ಕೈ ಹೇಳುತ್ತಿತ್ತು. ಅಷ್ಟು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಸುಟ್ಟವಳಲ್ಲ. ಆ ಒಂದು ವಿಷಯದಲ್ಲಿ ಅವಳಿಗೆ ಜಂಬ ಇತ್ತು, ಇರಲಿ ಬಿಡಿ.

ಗಂಡ ಲಿಫ್ಟ್ ರಿಪೇರಿಯವನು. ಬೀದಿಗೆಲ್ಲ ಲಿಫ್ಟಣ್ಣ. ಎತ್ತರದ ಕಟ್ಟಡಗಳ ಕತ್ತಲೆ ಬಾವಿಯಲ್ಲಿ ಹಗ್ಗಕ್ಕೆ ಜೋತು ಬಿದ್ದು, ಗ್ರೀಸು, ಧೂಳು, ಕಬ್ಬಿಣದ ಪುಡಿ ಎಲ್ಲ ಎಳೆದುಕೊಂಡು ಎದೆ ಹಾಳು ಮಾಡಿಕೊಂಡ. ಕೊನೆಕೊನೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಕೆಲಸ ಬಿಟ್ಟು ಮನೆಯಲ್ಲಿ ಕೂತ. ಮನೆ ಅಂದರೆ ಕಟ್ಟಡದ ತಳದಲ್ಲಿ ಎರಡು ಕೋಣೆ, ಒಂದು ಒಲೆ ಹಿಡಿಯುವಷ್ಟು ಅಡುಗೆ ಜಾಗ. ಒಳಕೋಣೆಗೆ ಕಿಟಕಿಯೇ ಇಲ್ಲ. ಗೋಡೆ ಆಚೆ ಮೆಟ್ಟಿಲು. ಮೇಲಿನವರು ಹತ್ತಿ ಇಳಿಯುವ ಚಪ್ಪಲಿ ಸದ್ದು ಇಡೀ ದಿನ.

ಅಂಥ ಕೋಣೆಯಲ್ಲಿ ಅವನು ಗಿಡ ಸಾಕಿದ.

ಸಣ್ಣ ಗಿಡಗಳು, ಅಂಗೈ ಅಗಲದವು. ಬೆಕ್ಕಿನ ಕಿವಿಯ ಹಾಗೆ ರೋಮ ಇರುವ ಎಲೆ, ನಡುವೆ ನೇರಳೆಯದೋ ಬಿಳಿಯದೋ ಪುಟ್ಟ ಹೂ. ಕಬ್ಬಿಣದ ಹಲಗೆಗಳ ರ್‍ಯಾಕು ತಂದ. ಪ್ರತಿ ಹಲಗೆ ಮೇಲೂ ಅಡಿಪಟ್ಟಿ ಹಾಗಿರುವ, ಗಿಡಕ್ಕೆಂದೇ ಮಾಡಿದ ಎಲ್‌ಇಡಿ ದೀಪ, ಆ ಏಟಿನ ಬಣ್ಣದ್ದು, ಎರಡು ಕಡೆ ಸರಪಳಿ, ಸರಪಳಿಗೆ ಕೊಕ್ಕೆ. ಬೆಳಿಗ್ಗೆ ಎದ್ದರೆ ದೀಪ ಹಾಕುವುದು, ಎಲೆ ನೋಡುವುದು, ಕೊಕ್ಕೆಯನ್ನು ಒಂದು ಕೊಂಡಿ ಮೇಲಕ್ಕೋ ಕೆಳಕ್ಕೋ ಸರಿಸುವುದು. ಮತ್ತೆ ಕೂತು ಕೆಮ್ಮುವುದು. ಕಫ ಉಗುಳುವುದಕ್ಕೆ ಪಕ್ಕದಲ್ಲಿ ಒಂದು ಡಬ್ಬಿ. ಹಸಿ ಮಣ್ಣು, ಪಾಚಿ, ಕಫ, ಎಲ್ಲದರ ವಾಸನೆ ಸೇರಿ ಆ ಕೋಣೆ ನಾರುತ್ತಿತ್ತು. ಮಣ್ಣಿನಿಂದ ಎದ್ದ ಸಣ್ಣ ನೊಣಗಳು ಅವಳು ಕುಡಿಯುವ ಟೀಯಲ್ಲಿ ಬಿದ್ದು ಸಾಯುತ್ತಿದ್ದವು. ಬೆರಳಿನಿಂದ ತೆಗೆದು ಬಿಸಾಕಿ ಅದೇ ಟೀ ಕುಡಿದದ್ದೂ ಉಂಟು. ಏನು ಮಾಡುವುದು.

ಒಂದು ಸಲ ಅವನು ಬೆಂಕಿಕಡ್ಡಿಯ ತುದಿಯಿಂದ ಒಂದು ಹೂವಿನ ಪುಡಿ ತೆಗೆದು ಇನ್ನೊಂದಕ್ಕೆ ಹಚ್ಚಿದ. ಕಾಯಿ ಕಟ್ಟಿತು. ಒಣಗಿದ ಮೇಲೆ ಒಡೆದರೆ ನಶ್ಯದ ಹಾಗೆ ಬೀಜ. ಉದುರಿಸಿದ್ದರಲ್ಲಿ ಮೊಳೆತದ್ದು ಕೆಲವು, ಕೊಳೆತದ್ದು ಉಳಿದದ್ದೆಲ್ಲ. ಕೊನೆಗೆ ಒಂದೇ ಒಂದು ಗಿಡ ನಿಂತಿತು.

"ಇದು ಯಾವ ಬಣ್ಣದ ಹೂ ಬಿಡುತ್ತೆ ಗೊತ್ತಾ?" ಅಂದ.

"ಯಾವುದು?"

"ಯಾರಿಗೂ ಗೊತ್ತಿಲ್ಲ ಕಣೇ. ಪ್ರಪಂಚದಲ್ಲೇ ಯಾರಿಗೂ ಗೊತ್ತಿಲ್ಲ."

"ಗೊತ್ತಾಗಿ ಯಾರಿಗೇನು ಆಗಬೇಕು? ಡಬ್ಬಿ ಕೊಡಿ, ತೊಳೀತೀನಿ."

ಅವನು ನಕ್ಕ. ನಕ್ಕದ್ದಕ್ಕೇ ಕೆಮ್ಮು ಹತ್ತಿತು.

ಆ ಗಿಡಕ್ಕೆ ಮೊಗ್ಗು ಬರುವ ಮೊದಲೇ ಅವನನ್ನು ಆಸ್ಪತ್ರೆಗೆ ಹಾಕಬೇಕಾಯಿತು. ಮೂಗಿಗೆ ಕೊಳವೆ, ಬಾಯಿಗೆ ಮುಚ್ಚಳ. ಮುಚ್ಚಳ ಸರಿಸಿ ಅವನು ಹೇಳಿದ ಕೊನೆಯ ಮಾತು, "ಅದು ಹೂ ಬಿಟ್ಟರೆ ಬಣ್ಣ ಹೇಳು." ಉಂಡೆಯಾ ಅಂತ ಕೇಳಲಿಲ್ಲ. ಮುಂದೆ ಹೇಗಿರುತ್ತೀಯ ಅಂತ ಕೇಳಲಿಲ್ಲ. ಹೂವಿನ ಬಣ್ಣವಂತೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಉರಿದರೂ "ಹೂಂ, ಹೇಳ್ತೀನಿ" ಅಂದಳು. ಅಂದ ಮೇಲೆ ಮುಗಿಯಿತು. ಅವನು ಹೋದ. ಆ ಹೂ ಒಂದು ಅವಳ ಕುತ್ತಿಗೆಗೆ ಬಿತ್ತು.

ಮಣ್ಣು ಮಾಡಿ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ ಆ ಕೋಣೆ ತೊಳೆದದ್ದು. ಅತ್ತುಕೊಂಡು ಅಲ್ಲ, ಅಸಹ್ಯ ಪಟ್ಟುಕೊಂಡು. ನೆಲ ಉಜ್ಜಿದಳು, ಹಲಗೆ ಉಜ್ಜಿದಳು. ದೀಪಗಳ ಮೇಲೆ ಧೂಳು, ಸತ್ತ ನೊಣ, ಅವನ ಬೆರಳಿನ ಕಪ್ಪು ಗುರುತು. ಎಲ್ಲವನ್ನೂ ಕೊಕ್ಕೆಯಿಂದ ಬಿಚ್ಚಿ ಕೆಳಗಿಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮತ್ತೆ ನೇತು ಹಾಕಲು ಹೋದಾಗ ತಿಳಿಯಿತು, ಯಾವ ಕೊಂಡಿಗೆ ಸಿಕ್ಕಿಸಿದ್ದ ಅಂತ ನೋಡಿಯೇ ಇರಲಿಲ್ಲ.

ನೋಡದಿದ್ದರೆ ಏನು, ಕೈ ಇಲ್ಲವಾ?

ದೀಪ ಹಾಕಿ, ಗಿಡದ ತಲೆ ಮೇಲೆ ಅಂಗೈ ಹಿಂಬದಿ ಹಿಡಿದಳು. ಬಿಸಿಯೇ ಇಲ್ಲ. ಎರಡು ಕೊಂಡಿ ಇಳಿಸಿದಳು. ಊಹೂಂ. ಗೇಣು ದೂರಕ್ಕೆ ತಂದಳು. ದೀಪದ ಬೆನ್ನು ಬೆಚ್ಚಗಿದೆ, ಹೊಟ್ಟೆ ತಣ್ಣಗಿದೆ. ಪಾಪದವು, ಚಳಿಯಲ್ಲಿ ಇದ್ದವಲ್ಲ ಅಂದುಕೊಂಡು ಗೇಣಿಗೂ ಕಡಿಮೆ ಮಾಡಿ ಕೊಕ್ಕೆ ಸಿಕ್ಕಿಸಿದಳು. ಕೈ ಸುಡದ್ದು ಎಲೆಯನ್ನು ಹೇಗೆ ಸುಟ್ಟೀತು?

ಇಷ್ಟರಲ್ಲಿ ಅತ್ತಿಗೆ ಬರತೊಡಗಿದಳು. ಗಂಡನ ಅಕ್ಕ. ಬಾಯಲ್ಲಿ ಅತ್ತಿಗೆ, ಮನಸ್ಸಿನಲ್ಲಿ ಬೇರೆ ಹೆಸರು, ಇಲ್ಲಿ ಬರೆಯುವಂಥದ್ದಲ್ಲ. ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ ಅವಳ ಬ್ಯೂಟಿ ಪಾರ್ಲರ್. ಮುಂದಿನ ಕೋಣೆಯಲ್ಲಿ ಕನ್ನಡಿ, ಹಿಂದೆ ಮನೆ. ಮೈತುಂಬ ಪೌಡರ್ ವಾಸನೆ, ಉಗುರಿನ ಸಂದಿಯಲ್ಲಿ ಯಾರದೋ ತಲೆಗೆ ಹಚ್ಚಿದ ಕಪ್ಪು ಬಣ್ಣ. ತಮ್ಮ ಕೆಮ್ಮುತ್ತಾ ಕೂತಿದ್ದ ಕಾಲದಲ್ಲಿ ಬಂದರೆ ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, "ಹುಷಾರಪ್ಪ" ಅಂದು ಹೋಗುತ್ತಿದ್ದಳು. ಈಗ ದಿನ ಬಿಟ್ಟು ದಿನ ಬಂದು ಅವನ ಕುರ್ಚಿಯಲ್ಲೇ ಕೂರುತ್ತಾಳೆ.

"ನನ್ನ ತಮ್ಮನ ಉಸಿರು ಈ ಎಲೆಗಳಲ್ಲೇ ಇದೆ ಕಣೇ" ಅಂತ ಗೊಳೋ ಅನ್ನುತ್ತಾಳೆ.

"ಉಸಿರು ಇದ್ದಾಗ ಬರಬೇಕಿತ್ತು" ಅಂತ ಇಸ್ತ್ರಿಯಮ್ಮ ಒಲೆಗೆ ಹೇಳುತ್ತಾಳೆ.

ಗಿಡಗಳು ಬಣ್ಣಗೆಟ್ಟವು. ಕಡುಹಸಿರು ಎಲೆ ಮೊದಲು ಹಳದಿಗೆ ತಿರುಗಿತು, ಆಮೇಲೆ ಬೆಳ್ಳಗಾಯಿತು. ನಡುವಿನ ಎಳೆ ಎಲೆಗಳು ಬಿಚ್ಚಿಕೊಳ್ಳದೆ, ಹಲ್ಲು ಕಚ್ಚಿದ ಹಾಗೆ ಬಿಗಿದುಕೊಂಡವು. ಆ ಬಣ್ಣ ಗೊತ್ತಿಲ್ಲದ ಗಿಡವೂ ಹಾಗೇ. ಮೊಗ್ಗಿನ ಸುದ್ದಿಯೇ ಇಲ್ಲ. ಇಸ್ತ್ರಿಯಮ್ಮ ಅತ್ತಿಗೆಯ ಕೈ ನೋಡಿದಳು. ಬಂದಾಗೆಲ್ಲ ಲೋಟದಲ್ಲಿ ನೀರು ಸುರಿಯುತ್ತಾಳೆ, ಎಲೆ ಸವರುತ್ತಾಳೆ. ಆ ಬಣ್ಣದ ಕೈ, ಆ ಔಷಧಿ ಕೈ. ಇನ್ನೇನಾಗುತ್ತೆ?

ಒಂದು ಮಧ್ಯಾಹ್ನ ಅತ್ತಿಗೆ ಹೊರಡುವಾಗ ಕೈಚೀಲ ತುಂಬ ಜೋಪಾನವಾಗಿ ಮುಚ್ಚಿದಳು. ಒದ್ದೆ ಕಾಗದದ ತುದಿ ಹೊರಗೆ ಕಾಣುತ್ತಿತ್ತು.

"ಅತ್ತಿಗೆ, ಏನದು?"

"ಏನಿಲ್ಲ ಕಣೇ. ಒಂದು ಎಲೆ. ನೆಟ್ಟರೆ ಬರುತ್ತಂತೆ. ನೆನಪಿಗೆ."

"ಯಾವ ಕುಂಡದ್ದು?"

ಅತ್ತಿಗೆ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಇಸ್ತ್ರಿಯಮ್ಮ ಒಳಗೆ ಹೋಗಿ ನೋಡಿ ಬಂದಳು.

"ಅದೊಂದನ್ನೇ ಕಿತ್ತೆಯಾ? ಅಷ್ಟು ಗಿಡ ಇದ್ದವಲ್ಲ, ಕಣ್ಣು ಅದರ ಮೇಲೇ ಬಿತ್ತಾ?"

"ಏನೇ, ಏಕವಚನಕ್ಕೆ ಇಳಿದೆ? ನನ್ನ ತಮ್ಮ ಬೆಳೆಸಿದ್ದು. ನನಗೂ ಹಕ್ಕಿದೆ."

"ಇದೆಯಾ? ತಡಿ." ಇಸ್ತ್ರಿಯಮ್ಮ ಬಚ್ಚಲಿಂದ ಆ ಡಬ್ಬಿ ತಂದು ಅವಳ ಮುಂದೆ ಹಿಡಿದಳು. "ಇದರಲ್ಲೂ ನಿನ್ನ ತಮ್ಮನೇ ಉಗುಳಿದ್ದು. ದಿನಾ ನಾನು ತೊಳೆದೆ. ಇದನ್ನೂ ತಗೊಂಡು ಹೋಗು. ನೆನಪಿಗೆ."

ಅತ್ತಿಗೆಯ ಪೌಡರ್ ಮುಖ ಇನ್ನೂ ಬೆಳ್ಳಗಾಯಿತು. ಚೀಲ ಎದೆಗೆ ಅವುಚಿಕೊಂಡು ಹೊರಟಳು. ಮೆಟ್ಟಿಲ ಹತ್ತಿರ ತಿರುಗಿ ನಿಂತು, "ನಿನ್ನ ಮನೆ ಹೊಸ್ತಿಲು ಮತ್ತೆ ತುಳಿದರೆ ಕೇಳು" ಅಂದಳು.

"ಒರೆಸುವ ಕೆಲಸ ತಪ್ಪಿತು" ಅಂದಳು ಇವಳು.

ಅವಳು ಹೋದ ಮೇಲೆ ಗಿಡಗಳು ಚೇತರಿಸಿಕೊಳ್ಳಬೇಕಿತ್ತು. ಇನ್ನೂ ಕೆಟ್ಟವು. ಶೀತ ಹೊಡೆದಿದೆ ಅಂತ ಇಸ್ತ್ರಿಯಮ್ಮ ದೀಪವನ್ನು ಮತ್ತೆ ಇಳಿಸಿದಳು. ನಾಲ್ಕು ಬೆರಳು ಜಾಗ ಉಳಿಯಿತು. ಕೈ ತೂರಿಸಿ ನೋಡುತ್ತಾಳೆ, ತಣ್ಣಗೆ. ದಿನಾ ನೋಡುತ್ತಾಳೆ, ತಣ್ಣಗೆ. ಎಲೆಯ ಅಂಚು ಕಂದಾಗಿ ಗರಿಗರಿಯಾಗುತ್ತಿತ್ತು, ಮುಟ್ಟಿದರೆ ಪುಡಿ. ಕೆಲವು ಬುಡದಲ್ಲಿ ಲೋಳೆಯಾಗಿ, ಕುಂಡದಿಂದ ಎತ್ತಿದರೆ ಕೈಗೇ ಬಂದವು. ಆ ಲೋಳೆಯ ವಾಸನೆ ಸೋಪು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ಒಂದೊಂದನ್ನೇ ಕಸಕ್ಕೆ ಹಾಕುವಾಗ ಅತ್ತಿಗೆಯನ್ನೇ ಬೈದಳು. ಕಣ್ಣು ಬಿತ್ತು, ಕೈ ಬಿತ್ತು, ಶನಿ.

ಆ ದಿನಗಳಲ್ಲಿ ಲಾಂಡ್ರಿಗೆ ಯಾರದೋ ಮನೆಯ ಕಿಟಕಿ ಪರದೆಗಳು ಬಂದವು. ಒಳ್ಳೆ ಬಟ್ಟೆ, ಗಾಢ ಹಸಿರು. ಬಟ್ಟೆ ಒಗೆಯುವ ಹೆಂಗಸು ಒಂದನ್ನು ಬಿಡಿಸಿ ತೋರಿಸಿದಳು. ಮಡಿಕೆಯ ಒಳಗೆ ಹಸಿರು ಹಾಗೇ ಇದೆ. ಹೊರಗೆ ಕಾಣುತ್ತಿದ್ದ ಕಡೆ ಉದ್ದಕ್ಕೂ ಬಿಳಿಚಿಕೊಂಡ ಪಟ್ಟೆ. ಬಟ್ಟೆ ಜೀರ್ಣವಾಗಿ ಬೆರಳಿಗೆ ಹರಿಯುವ ಹಾಗಿತ್ತು.

"ಇಸ್ತ್ರಿಯಮ್ಮ, ಗಿರಾಕಿ ಬಂದು ನಾವು ಸುಟ್ಟೆವು ಅಂತ ತಲೆಗೆ ಕಟ್ಟದಿದ್ದರೆ ಸಾಕು."

"ಇದಕ್ಕೆ ಇಸ್ತ್ರಿ ತಾಗೇ ಇಲ್ಲ. ಬೆಳಕು ತಿಂದಿದೆ" ಅಂದಳು ಇಸ್ತ್ರಿಯಮ್ಮ.

ಅಂದವಳ ಕೈ ಅಲ್ಲೇ ನಿಂತಿತು. ಬೆಳಕು ತಿಂದಿದೆ. ಬಿಸಿ ಇಲ್ಲದೆ, ಹೊಗೆ ಇಲ್ಲದೆ, ಕಲೆ ಇಲ್ಲದೆ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎಷ್ಟು ಪರದೆ, ಎಷ್ಟು ಮೇಜಿನ ಬಟ್ಟೆ ಇದೇ ಕೈಯಲ್ಲಿ ಹಾದು ಹೋಗಿವೆ. ಇಸ್ತ್ರಿಪೆಟ್ಟಿಗೆಯನ್ನು ಹಾಗೇ ನಿಲ್ಲಿಸಿ, ಹೊಟ್ಟೆ ನೋವು ಅಂತ ಮಾಲೀಕನಿಗೆ ಹೇಳಿ, ಓಡುವ ಹಾಗೆ ಮನೆಗೆ ಬಂದಳು.

ದೀಪಗಳನ್ನು ಮೊಳ ಎತ್ತರಕ್ಕೆ ಎತ್ತಿದಳು. ಎತ್ತಿ ಏನು? ಆ ಗಿಡದ ನಡುವಿನ ಎಲೆಯನ್ನು ಉಗುರಿನಿಂದ ಬಿಡಿಸಿ ನೋಡಿದಳು. ಒಳಗೆ ಹಸಿರು ಇರಲಿಲ್ಲ. ಒಣಗಿದ ಹೊಗೆಸೊಪ್ಪಿನ ಹಾಗೆ ಒಂದು ಗಂಟು. ಇನ್ನು ಹೂ ಇಲ್ಲ, ಬಣ್ಣ ಇಲ್ಲ, ಹೇಳುವುದಕ್ಕೆ ಏನೂ ಇಲ್ಲ.

ತನ್ನ ಕೈಯನ್ನೇ ನೋಡಿಕೊಂಡಳು. ಜಂಬದ ಕೈ. ಥೂ ಅಂತ ಉಗಿಯಬೇಕು ಅನ್ನಿಸಿತು. ಅವತ್ತು ಅದೇ ಕೈಯಲ್ಲಿ ಅನ್ನ ಕಲಸಲಾರದೆ ಹಾಗೇ ಮಲಗಿದಳು.

ಬೆಳಿಗ್ಗೆ ಹಲ್ಲುಜ್ಜುವಾಗ ಇನ್ನೊಂದು ನೆನಪಾಯಿತು. ನೆನಪಾಗಿ, ಅದಕ್ಕಿಂತ ಹೆಚ್ಚು ಅಸಹ್ಯವಾಯಿತು. ಆ ಗಿಡದ ಎಲೆ ಒಂದು ಕಡೆ ಉಳಿದಿರಬಹುದು. ಆ ಪೌಡರಿನ ಮನೆಯಲ್ಲಿ.

ಹೋಗುವುದಾ ಬೇಡವಾ ಅಂತ ಬಹಳ ದಿನ ಒದ್ದಾಡಿದಳು. ಕೊನೆಗೆ ಒಂದು ರಜೆಯ ದಿನ ಬಸ್ಸು ಹತ್ತಿದಳು. ಪಾರ್ಲರಿನ ಬಾಗಿಲು ತೆಗೆದದ್ದು ಅತ್ತಿಗೆಯೇ, ಕೈಯಲ್ಲಿ ಯಾರದೋ ಕೂದಲು ಸಿಕ್ಕಿಕೊಂಡ ಬಾಚಣಿಗೆ.

"ಏನಮ್ಮ, ಉಗುಳುವ ಡಬ್ಬಿ ತಂದೆಯಾ?"

"ಇಲ್ಲ. ಅದು ಇದೆಯಾ?"

"ಯಾವುದು?"

"ನೀವು ಕದ್ದದ್ದು."

"ಕದ್ದದ್ದಲ್ಲ, ಕಿತ್ತದ್ದು. ಇದೆ. ನಿನ್ನ ಹತ್ತಿರ ಇದ್ದದ್ದು?"

"ಹೋಯಿತು."

"ಹೇಗೆ ಹೋಯಿತು?"

"ಗಿಡ. ಹೋಗುತ್ತೆ."

ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ದಾರಿ ಬಿಟ್ಟಳು.

ಅಡುಗೆಮನೆಯ ಫ್ರಿಜ್ಜಿನ ಮೇಲೆ, ಮುಖಕ್ಕೆ ಹಚ್ಚುವ ಕ್ರೀಮಿನ ಖಾಲಿ ಡಬ್ಬಿಯಲ್ಲಿ ಅದು ಇತ್ತು. ತಾಯಿ ಎಲೆ ಬಾಡಿ ಮಲಗಿತ್ತು. ಅದರ ಬುಡದಲ್ಲಿ ಮರಿಗಿಡ. ಮೇಲೆಲ್ಲ ಒಗ್ಗರಣೆಯ ಜಿಡ್ಡು, ಜಿಡ್ಡಿಗೆ ಅಂಟಿದ ಕೂದಲು. ಆದರೆ ಕಡುಹಸಿರು. ಎಲ್ಲೋ ದೂರದ ಗೋಡೆಯ ಟ್ಯೂಬ್‌ಲೈಟಿನ ಕಡೆಗೆ ಕತ್ತು ಉದ್ದ ಮಾಡಿ, ಬಸ್ಸಿಗೆ ಕಾಯುವವರ ಹಾಗೆ ವಾಲಿಕೊಂಡಿತ್ತು. ಅವನು ಹೇಳುತ್ತಿದ್ದ, ಕತ್ತು ಉದ್ದ ಮಾಡಿದರೆ ಬೆಳಕು ಸಾಲದು ಅಂತ.

"ಇದು ಹೀಗಿದ್ದರೆ ಹೂ ಬಿಡಲ್ಲ. ಕೊಡಿ, ನನ್ನ ಹತ್ತಿರ ದೀಪ ಇದೆ."

"ದೀಪ ಇದ್ದೂ ಸಾಯಿಸಿದೆಯಲ್ಲ. ಕೊಡಲ್ಲ. ಬೇಕಿದ್ದರೆ ದೀಪ ನನಗೆ ಕೊಡು."

"ದೀಪ ಅವರದು. ಕೊಡಲ್ಲ."

"ಎಲೆಯೂ ಅವನದೇ. ನಾನೂ ಕೊಡಲ್ಲ."

"ಹಾಗಾದರೆ ಇಲ್ಲೇ ಜಿಡ್ಡು ಕುಡಿದುಕೊಂಡು ಇರಲಿ."

"ಇರಲಿ."

ಇಸ್ತ್ರಿಯಮ್ಮ ಹೊರಟಳು. ಬಸ್ ನಿಲ್ದಾಣದವರೆಗೂ ಹೋದಳು. ಬಸ್ಸು ಬಂತು, ಬಿಟ್ಟಳು. ವಾಪಸ್ ಬಂದು ಬಾಗಿಲು ಬಡಿದಳು.

"ನಾನೇ ತರ್ತೀನಿ, ನಾನೇ ನೇತು ಹಾಕ್ತೀನಿ. ನೀವು ಮುಟ್ಟಬಾರದು. ನೀರು ನಾನು ಹೇಳಿದಷ್ಟೇ. ಒಗ್ಗರಣೆ ಹಾಕುವಾಗ ಕಿಟಕಿ ತೆಗೀಬೇಕು."

"ನನ್ನ ಮನೆಯಲ್ಲಿ ನಾನು ಕಿಟಕಿ ತೆಗೆಯುವುದಕ್ಕೆ ನಿನ್ನ ಅಪ್ಪಣೆಯಾ?"

"ಹೂಂ."

ಅತ್ತಿಗೆ ಬಾಚಣಿಗೆಯಿಂದ ಕೂದಲು ಬಿಡಿಸುತ್ತಾ ನಿಂತಳು. "ಟೀ ಕುಡಿದು ಹೋಗು" ಅಂದಳು. ಇವಳು ಕುಡಿಯಲಿಲ್ಲ. ಆ ಲೋಟ ನೋಡಿದರೆ ಯಾರು ಕುಡಿಯುತ್ತಾರೆ.

ಮಾರನೇ ದಿನ ಸಂಜೆ, ಅಡುಗೆಮನೆಯ ಮೇಲಿನ ಕಪಾಟಿನ ಅಡಿಗೆ ಎರಡು ಮೊಳೆ ಹೊಡೆದು ದೀಪ ನೇತು ಹಾಕಿದಳು. ಮೊಳ ದೂರ. ಜಿಡ್ಡು ಒರೆಸಿ ಗಿಡವನ್ನು ಅದರ ನೇರ ಕೆಳಗೆ ಇಟ್ಟಳು. ಬೆಳಕು ಹತ್ತಿದ್ದೇ ಅತ್ತಿಗೆ ಕಿರುಚಿದಳು.

"ಅಯ್ಯೋ, ಇದೇನೇ! ಪಾರ್ಲರಿಗೆ ಬಂದವರು ಒಳಗೆ ಹೆಣ ಇಟ್ಟಿದ್ದೀರಾ ಅಂತಾರೆ. ನನ್ನ ಮುಖ ನೋಡು!"

"ಪೌಡರ್ ಹಚ್ಚದೆ ಇದ್ದರೆ ಎಲ್ಲರ ಮುಖವೂ ಅಷ್ಟೇ."

ಅವತ್ತಿನಿಂದ ಕೆಲಸ ಬಿಟ್ಟು ಬರುವಾಗ ಇಸ್ತ್ರಿಯಮ್ಮ ಒಂದು ಬಸ್ಸು ಹೆಚ್ಚು ಹತ್ತಿದಳು. ಬಂದು ಎಲೆ ನೋಡುತ್ತಾಳೆ. ಕತ್ತು ಎತ್ತಿದರೆ ಒಂದು ಕೊಂಡಿ ಇಳಿಸುತ್ತಾಳೆ. ಮುದುಡಿದರೆ ಒಂದು ಕೊಂಡಿ ಏರಿಸುತ್ತಾಳೆ. ದೀಪ ಆರಿಸಿ, ಗಿಡಕ್ಕೂ ಕತ್ತಲೆ ಬೇಕು ಅಂತ ಹೇಳಿ ಹೋಗುತ್ತಾಳೆ. ಒಂದು ದಿನ ಬಂದು ನೋಡಿದರೆ ದೀಪ ಗಿಡದ ತಲೆಗೆ ತಾಗುವಷ್ಟು ಕೆಳಗಿತ್ತು.

"ಯಾರು ಇಳಿಸಿದ್ದು?"

"ನಾನೇ. ಕೈ ಇಟ್ಟು ನೋಡು, ಚೂರೂ ಬಿಸಿ ಇಲ್ಲ. ಪಾಪ, ಚಳಿ ಆಗುತ್ತೆ ಅಂತ—"

ಇಸ್ತ್ರಿಯಮ್ಮ ಅವಳ ಕೈ ಮೇಲೆ ಫಟ್ ಅಂತ ಹೊಡೆದಳು. ಅತ್ತಿಗೆಯ ಬಳೆ ಸದ್ದಾಯಿತು.

"ಕೈ ನೋಡಬೇಡಿ. ಎಲೆ ನೋಡಿ. ಕೈಗೆ ಏನು ಗೊತ್ತು, ಮಣ್ಣು!"

"ಹೊಡೀತೀಯಾ? ನನ್ನ ಮನೆಯಲ್ಲಿ ನನಗೇ?" ಅತ್ತಿಗೆ ಕೈ ಉಜ್ಜಿಕೊಂಡಳು. ದನಿ ಇಳಿಸಿ ಕೇಳಿದಳು, "ಅಲ್ಲಾ, ನಿನಗೆ ಹೇಗೆ ಗೊತ್ತಾಯಿತು ಇದು?"

ಇಸ್ತ್ರಿಯಮ್ಮ ಕೊಕ್ಕೆ ಸಿಕ್ಕಿಸುತ್ತಿದ್ದಳು. ಅತ್ತಿಗೆ ಅವಳ ಬೆನ್ನನ್ನು ನೋಡಿದಳು, ಮತ್ತೆ ಕೇಳಲಿಲ್ಲ. ಆಮೇಲೆ ತಾನಾಗಿ ಹೇಳಿದಳು, "ಚಿಕ್ಕವನಿದ್ದಾಗ ಅವನು ಮಣ್ಣು ತಿನ್ನುತ್ತಿದ್ದ. ಬಾಯಲ್ಲಿ ಬೆರಳು ಹಾಕಿ ತೆಗೀಬೇಕಿತ್ತು ನಾನು. ಕಚ್ಚುತ್ತಿದ್ದ, ಹಾಳಾದವನು." ಇಸ್ತ್ರಿಯಮ್ಮನಿಗೆ ಅದೂ ಅಸಹ್ಯವೇ. ಆದರೂ ಪೂರ್ತಿ ಕೇಳಿಸಿಕೊಂಡಳು. ಆ ದಿನ ಟೀ ಕುಡಿದಳು, ಲೋಟವನ್ನು ತಾನೇ ತೊಳೆದುಕೊಂಡು.

ಗಿಡದ ಕತ್ತು ಗಿಡ್ಡವಾಯಿತು. ಎಲೆಗಳು ತಟ್ಟೆಯ ಹಾಗೆ ಹರಡಿಕೊಂಡವು. ಬಹಳ ತಿಂಗಳು ಹೋದ ಮೇಲೆ ಎಲೆಯ ಸಂದಿಯಲ್ಲಿ ಸೂಜಿತಲೆಯಷ್ಟು ಮೊಗ್ಗು. ಅತ್ತಿಗೆ ಮೂಸಿ ನೋಡಲು ಹೋದರೆ ಇವಳು ಜಡೆ ಹಿಡಿದು ಎಳೆದಳು. ಇಬ್ಬರೂ ಒಂದು ವಾರ ಮಾತು ಬಿಟ್ಟರು. ಬಸ್ಸು ಮಾತ್ರ ಬಿಡಲಿಲ್ಲ.

ಹೂ ಬಿರಿದದ್ದು ಒಂದು ರಜೆಯ ದಿನ, ಬೆಳಿಗ್ಗೆ. ಆ ಬೆಳಕಿನಲ್ಲಿ ಬಣ್ಣ ತಿಳಿಯುವುದೆಲ್ಲಿ ಬಂತು? ಎಲ್ಲವೂ ನೇರಳೆಯೇ. ಇಸ್ತ್ರಿಯಮ್ಮ ದೀಪ ಆರಿಸಿದಳು. ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ಪಾರ್ಲರಿನ ಕುರ್ಚಿಗಳನ್ನು ದಾಟಿ ಬೀದಿಯ ಕಡೆಯ ಕಿಟಕಿಗೆ ತಂದಳು. ಅತ್ತಿಗೆ ಕನ್ನಡಕ ಹುಡುಕಿಕೊಂಡು ಹಿಂದೆ ಬಂದಳು. ಇಬ್ಬರೂ ಬಗ್ಗಿ ನೋಡಿದರು.

ಕೆಂಪಲ್ಲ, ನೀಲಿಯಲ್ಲ, ಬಿಳಿಯೂ ಅಲ್ಲ. ಪಾತ್ರೆ ತೊಳೆದ ನೀರಿನ ಬಣ್ಣ. ಅಂಚಿನಲ್ಲಿ ಒಂದಿಷ್ಟು ಪಾಚಿ ಹಸಿರು. ಹೂವಾ ಅಥವಾ ಯಾರಾದರೂ ಮೂಗು ಒರೆಸಿ ಬಿಸಾಕಿದ ಚಿಂದಿಯಾ ಅನ್ನುವ ಹಾಗಿತ್ತು.

"ಥೂ" ಅಂದಳು ಅತ್ತಿಗೆ. "ಇಷ್ಟಕ್ಕಾ?"

ಇಸ್ತ್ರಿಯಮ್ಮನ ಹೊಟ್ಟೆಯಿಂದ ಏನೋ ಮೇಲಕ್ಕೆ ಬಂತು, ವಾಂತಿಯಾ ಅಂದುಕೊಂಡಳು, ನಗು. ಅವನು ಹೋದಾಗಿನಿಂದ ನಕ್ಕಿರಲಿಲ್ಲ. ನಗು ಎಲ್ಲೋ ಅರ್ಧದಲ್ಲಿ ತಿರುಗಿಕೊಂಡು ಅಳುವಾಯಿತು. ಅತ್ತಿಗೆಯ ಪೌಡರ್ ಭುಜಕ್ಕೇ ಮುಖ ಇಟ್ಟು ಅತ್ತಳು. ಆ ವಾಸನೆಗೆ ಸೀನೂ ಬಂತು. ಸೀನಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಡಬ್ಬಿಯ ಕಡೆ ಬಗ್ಗಿ ಗಟ್ಟಿಯಾಗಿ ಹೇಳಿದಳು:

"ಬೂದು ಕಣ್ರೀ. ಕೊಳಕು ಬೂದು. ನೋಡೋ ಹಾಗಿಲ್ಲ."

"ಯಾರ ಹತ್ತಿರ ಮಾತಾಡ್ತಿದ್ದೀಯ?" ಅತ್ತಿಗೆ ಕಣ್ಣೊರೆಸಿಕೊಂಡಳು.

"ನಿಮ್ಮ ಹತ್ತಿರ ಅಲ್ಲ. ಗಿಡ ಒಳಗಿಡಿ, ಬಿಸಿಲು ಬೀಳ್ತಿದೆ."